ಗರಡಿಮನೆಯ ಬೀಗದ ಕೈ



ನಮ್ಮ ಕನ್ನಡದಲ್ಲಿ ಒಂದು ಸೊಗಸಾದ ಮಾತಿದೆ. ಯಾರಾದರೂ ತಮ್ಮ ವಿದ್ಯೆಯಲ್ಲಿ ನುರಿತವರಾಗಿದ್ದರೆ ‘ಇವರು ಇಂಥವರ ಗರಡಿಯಲ್ಲಿ ಪಳಗಿದವರು’ ಎನ್ನುತ್ತೇವೆ. ಸಂಗೀತಗಾರರಿಗೂ ಈ ಮಾತು ಸಲ್ಲುತ್ತದೆ, ಪತ್ರಕರ್ತರಿಗೂ ಸಲ್ಲುತ್ತದೆ, ರಾಜಕಾರಣಿಗಳಿಗಂತೂ ಧಾರಾಳವಾಗಿ ಸಲ್ಲುತ್ತದೆ. ಗರಡಿಯ ಮಣ್ಣನ್ನು ಒಮ್ಮೆಯೂ ಮೆಟ್ಟದವರೂ ಈ ಮಾತನ್ನು ಆಡುತ್ತಾರೆ. ನೆಲದಿಂದ ಗರಡಿ ಮರೆಯಾದರೂ ನಾಲಗೆಯ ಮೇಲೆ ಉಳಿದಿರುವುದು ನಮ್ಮ ಹಿರಿಯರ ಬದುಕಿನಲ್ಲಿ ಅದಕ್ಕಿದ್ದ ಸ್ಥಾನವನ್ನು ತೋರಿಸುತ್ತದೆ.

ನಾನು ಈ ಸಲ ಬರೆಯಹೊರಟಿರುವುದು ಊರಿನ ಗರಡಿಯನ್ನು ಕುರಿತಲ್ಲ, ಶಾಲೆಯ ಗರಡಿಯನ್ನು ಕುರಿತು. ದಾಖಲೆಗಳಲ್ಲಿ ಅದರ ಹೆಸರು ‘ವ್ಯಾಯಾಮಶಾಲೆ’. ಮಳವಳ್ಳಿ ಸೀಮೆಯ ಜನರ ಬಾಯಲ್ಲಿ ಮಾತ್ರ ಅದು ಎಂದೆಂದಿಗೂ ‘ಇಸ್ಕೂಲ್ ಗರಡಿ’ಯೇ. ಶಾಲೆಯ ಹೆಸರನ್ನು ನಾನಿಲ್ಲಿ ಬರೆಯಬೇಕಾಗಿಲ್ಲ. ಅಲ್ಲಿ ಓದಿದವರಿಗೆ ಮೊದಲ ಸಾಲಿನಲ್ಲಿಯೇ ಗೊತ್ತಾಗಿರುತ್ತದೆ. ಉಳಿದವರು ತಮ್ಮ ತಮ್ಮ ಊರಿನ ಶಾಲೆಯನ್ನು ನೆನೆದುಕೊಂಡರೂ ನನ್ನ ಮಾತಿಗೆ ಬಾಧಕವಿಲ್ಲ.

ಊರಿನ ಗರಡಿಗೂ ಶಾಲೆಯ ಗರಡಿಗೂ ರಕ್ತಸಂಬಂಧವಿದೆ. ಹಳೆಯ ಮೈಸೂರು ಸೀಮೆಯಲ್ಲಿ ಕುಸ್ತಿಗೆ ಅರಸರ ಆಶ್ರಯವಿತ್ತು. ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದು ಇಂದಿಗೂ ನಿಂತಿಲ್ಲ. ಊರಿನ ಗರಡಿಯೆಂದರೆ ತಗ್ಗು ಬಾಗಿಲಿನ ಒಂದು ಕತ್ತಲೆಯ ಕೋಣೆ. ಒಳಗೆ ಸೋಸಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಕುಂಕುಮ ಬೆರೆಸಿದ ಮಟ್ಟಿ. ಮೂಲೆಯಲ್ಲಿ ಗದೆ, ಗುಂಡುಕಲ್ಲು. ಗೋಡೆಯ ಗೂಡಿನಲ್ಲಿ ಆಂಜನೇಯ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದರ ಪಕ್ಕಕ್ಕೆ ಇನ್ನೊಂದು ಬಗೆಯ ಅಂಗಸಾಧನೆ ಬಂದಿತು. 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯು ದೈಹಿಕ ಶಿಕ್ಷಣದ ತರಬೇತಿ ಶಾಲೆಯನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಹೆಸರುವಾಸಿಯಾಯಿತು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಇದೇ ಅಯ್ಯರ್ ಎಂದು ತರಗತಿಯಲ್ಲಿ ಹೇಳಿದಾಗ ನೀವೆಲ್ಲ ಕಣ್ಣರಳಿಸಿ ಕೇಳುತ್ತಿದ್ದುದು ನನಗೆ ನೆನಪಿದೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆ ತೆರೆಯಿತು. ಇಂದು ಜಗತ್ತಿನ ಮೂಲೆಮೂಲೆಗಳಲ್ಲಿ ಜನ ಮಾಡುತ್ತಿರುವ ಯೋಗಾಸನಗಳ ಒಂದು ದೊಡ್ಡ ಭಾಗ ಆ ಒಂದು ಶಾಲೆಯಿಂದ ಹರಡಿದ್ದು.

ಈ ಎಲ್ಲ ಧಾರೆಗಳೂ ತಾಲ್ಲೂಕು ಕೇಂದ್ರದ ಒಂದು ಶಾಲೆಯ ಹಜಾರದಲ್ಲಿ ಬಂದು ಕೂಡಿದ್ದುವು. ನಾನು ಕಂಡ ವ್ಯಾಯಾಮಶಾಲೆಯಲ್ಲಿ ಒಂದು ಬದಿಗೆ ಪ್ಯಾರಲಲ್ ಬಾರ್, ತೊಲೆಯಿಂದ ಇಳಿಬಿದ್ದ ರೋಮನ್ ರಿಂಗು, ಚರ್ಮ ಹರಿದು ತೆಂಗಿನ ನಾರು ಹೊರಬಂದಿದ್ದ ನೆಗೆತದ ಕುದುರೆ, ಮರದ ಡಂಬೆಲ್ಲುಗಳು, ಲೇಜಿಮ್‌ಗಳು. ಇನ್ನೊಂದು ಬದಿಗೆ ಎರಡು ಗದೆ ಮತ್ತು ಮೇಲೆ ಆಂಜನೇಯನ ಪಟ. ಮದರಾಸಿನಲ್ಲಿ ತರಬೇತಾಗಿ ಬಂದಿದ್ದ ನಮ್ಮ ಪಿ.ಟಿ. ಮೇಷ್ಟ್ರು ಸೀಟಿ ಊದುವ ಮುನ್ನ ಆ ಪಟಕ್ಕೆ ಕೈಮುಗಿಯುತ್ತಿದ್ದರು.

ಕಟ್ಟಡದ ವಿಷಯವನ್ನೂ ಸ್ವಲ್ಪ ಹೇಳಬೇಕು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವವರೆಗೂ ನಮ್ಮ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದುವು. ಆ ಕಾಲದ ಶಾಲೆಗಳನ್ನು ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಿ ನೋಡಿದರೂ ಅಣ್ಣತಮ್ಮಂದಿರಂತೆ ಕಾಣುತ್ತಿದ್ದುವು. ಒಂದೂವರೆ ಎರಡು ಅಡಿ ದಪ್ಪದ ಇಟ್ಟಿಗೆ ಮತ್ತು ಗಾರೆಯ ಗೋಡೆ, ಕಲ್ಲಿನ ಕಂಬಗಳ ಉದ್ದನೆಯ ಜಗಲಿ, ಎತ್ತರದ ಮಾಡು, ಅದರ ಮೇಲೆ ಮಂಗಳೂರು ಹೆಂಚು, ಗೋಡೆಯ ನೆತ್ತಿಯಲ್ಲಿ ಗಾಳಿಕಿಂಡಿಗಳು. ಬಿಸಿಗಾಳಿ ಮೇಲಕ್ಕೇರಿ ಕಿಂಡಿಯಿಂದ ಹೊರಹೋಗುತ್ತಿತ್ತು. ಆದುದರಿಂದ ಏಪ್ರಿಲ್ ತಿಂಗಳ ಪರೀಕ್ಷೆಯಲ್ಲಿಯೂ ಬೀಸಣಿಗೆಯ ಅಗತ್ಯ ತೋರುತ್ತಿರಲಿಲ್ಲ. ಗಂಟೆಯೆಂದರೆ ತೂಗುಹಾಕಿದ ಒಂದು ತುಂಡು ರೈಲು ಕಂಬಿ. ಅದರ ದನಿ ಗದ್ದೆಯ ಬಯಲನ್ನು ದಾಟಿ ಹೋಗುತ್ತಿತ್ತು.

ಇಷ್ಟು ಬರೆದಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹಳೆಯ ವಿದ್ಯಾರ್ಥಿಗಳ ವಾಟ್ಸಪ್ ಗುಂಪಿನಲ್ಲಿ ಆ ವ್ಯಾಯಾಮಶಾಲೆಯ ನೆನಪನ್ನು ಕುರಿತು ಬಹಳ ಜನ ಬರೆದಿದ್ದಾರೆ. ಬರೆದವರೆಲ್ಲರೂ ಗಂಡಸರು. ಅದಕ್ಕೆ ಕಾರಣವಿದೆ. 1971ರಿಂದ 1974ರವರೆಗೆ ಅದೇ ಶಾಲೆಯಲ್ಲಿ ಓದಿದ ನಾನು ಮೂರು ವರ್ಷಗಳಲ್ಲಿ ಒಂದು ದಿನವೂ ಅದರ ಹೊಸ್ತಿಲು ದಾಟಲಿಲ್ಲ. ಊರಿನ ಗರಡಿಗೆ ಹೆಂಗಸರು ಕಾಲಿಡಬಾರದೆಂಬ ಕಟ್ಟಳೆಯಿತ್ತು; ಅದು ಯಾರೂ ಬರೆಯದೆ, ಯಾರೂ ಹೇಳದೆ, ಶಾಲೆಯ ಗರಡಿಗೂ ಬಂದು ಸೇರಿತ್ತು. ಹುಡುಗರು ಉಂಗುರ ಹಿಡಿದು ತೂಗಾಡುವಾಗ ನಾವು ಹುಡುಗಿಯರು ಹೊಂಗೆಮರದ ಕೆಳಗೆ ಕುಳಿತು ಕಸೂತಿ ಹಾಕುತ್ತಿದ್ದೆವು. ಕಿಟಕಿಯ ಸರಳುಗಳ ಸಂದಿಯಿಂದ ಕಂಡಷ್ಟೇ ನಮ್ಮ ವ್ಯಾಯಾಮಶಾಲೆ. ನನ್ನ ಗೆಳತಿಯೊಬ್ಬಳಿಗೆ ಆ ಕುದುರೆಯನ್ನು ಒಮ್ಮೆ ನೆಗೆಯಬೇಕೆಂಬ ಆಸೆ ಬಲವಾಗಿತ್ತು. ಹತ್ತನೆಯ ತರಗತಿ ಮುಗಿಯುವ ಮೊದಲೇ ಅವಳ ಮದುವೆಯಾಯಿತು.

ಬಿ.ಇಡಿ. ಮುಗಿಸಿ, ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿ, 1990ರಲ್ಲಿ ನಾನು ಓದಿದ ಶಾಲೆಗೇ ಕನ್ನಡ ಶಿಕ್ಷಕಿಯಾಗಿ ವರ್ಗವಾಗಿ ಬಂದೆ. ಅದರ ಮಾರನೆಯ ವರ್ಷ ತಾಲ್ಲೂಕು ಕ್ರೀಡಾಕೂಟಕ್ಕೆ ಮೂರು ವಾರವಿರುವಾಗ ಮಳೆ ಹಿಡಿಯಿತು. ಮೈದಾನ ಕೆಸರುಗದ್ದೆಯಾಯಿತು. ಹುಡುಗಿಯರ ಖೋಖೋ ತಂಡಕ್ಕೆ ಅಭ್ಯಾಸಕ್ಕೆ ಜಾಗವಿಲ್ಲ. ನಾನು ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ ವ್ಯಾಯಾಮಶಾಲೆಯ ಬೀಗದ ಕೈ ಕೇಳಿದೆ. ಅವರು ಒಳ್ಳೆಯವರು, ಆದರೆ ಊರಿಗೆ ಅಂಜುವವರು. ‘ಮೇಡಂ, ನಾಳೆ ಪೋಷಕರು ಬಂದು ಕೇಳಿದರೆ ನಾನೇನು ಹೇಳಲಿ?’ ಎಂದರು. ‘ಮಳೆ ಬಂತು ಎಂದು ಹೇಳಿ ಸರ್’ ಎಂದೆ. ನಮ್ಮ ಹಳೆಯ ಜವಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವರು, ಸಾಹೇಬರ ಉತ್ತರಕ್ಕೆ ಕಾಯದೆ ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಮೇಜಿನ ಮೇಲಿಟ್ಟರು. ‘ನನ್ ಮೊಮ್ಮಗ್ಳೂ ಅದೇ ಟೀಮ್ನಾಗವ್ಳೆ ಕನವ್ವಾ, ತಕ್ಕೊಳಿ’ ಎಂದರು.

ಮೂರನೆಯ ದಿನ ಒಬ್ಬ ಹುಡುಗಿಯ ಅಜ್ಜಿ ನಿಜವಾಗಿಯೂ ಬಂದರು. ‘ಹೆಣ್ಣೈಕ್ಳ ಗರಡಿಗ್ ಬುಟ್ಟಿದ್ದೀರಂತಲ್ಲ ಮೇಡಮ್ಮೋರೆ, ಇದು ಸರೀನಾ?’ ಎಂದು ಕೇಳಿದರು. ನಾನು ವಾದಕ್ಕೆ ಹೋಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದೆ. ಅರ್ಧ ಗಂಟೆ ನೋಡಿದ ಅಜ್ಜಿ, ಎದ್ದು ಹೋಗುವಾಗ ಆಂಜನೇಯನ ಪಟಕ್ಕೆ ಕೈಮುಗಿದು, ‘ಅವುನ್ಗೇ ಬ್ಯಾಸ್ರ ಇಲ್ದಿದ್ಮ್ಯಾಕೆ ನಂಗೇನು’ ಎಂದು ಹೊರಟುಹೋದರು. ಆ ಮೂರು ವಾರಗಳು ಮುಗಿದಮೇಲೂ ಬೀಗದ ಕೈಯನ್ನು ನಾನು ಮೊಳೆಗೆ ಹಿಂತಿರುಗಿಸಲಿಲ್ಲ. ವಾರಕ್ಕೆ ಎರಡು ದಿನ ಹುಡುಗಿಯರದೆಂದು ವೇಳಾಪಟ್ಟಿಯಲ್ಲಿಯೇ ಸೇರಿಸಿಬಿಟ್ಟೆವು. ನಮ್ಮ ತಂಡ ತಾಲ್ಲೂಕಿನಲ್ಲಿ ಗೆದ್ದು ಮಂಡ್ಯದ ಜಿಲ್ಲಾ ಕ್ರೀಡಾಕೂಟದಲ್ಲಿ ಮೊದಲ ಪಂದ್ಯದಲ್ಲಿಯೇ ಸೋತಿತು. ಆ ತಂಡದ ಒಬ್ಬಳು ಇಂದು ದೈಹಿಕ ಶಿಕ್ಷಣ ಶಿಕ್ಷಕಿ. ಅವಳು ಈ ಬರಹವನ್ನು ಓದುತ್ತಾಳೆಂದು ಬಲ್ಲೆ. ಮೈಸೂರು ದಸರೆಯ ಕುಸ್ತಿಯಲ್ಲಿ ಇಂದು ಹೆಣ್ಣುಮಕ್ಕಳು ‘ದಸರಾ ಕಿಶೋರಿ’ ಬಿರುದಿಗೆ ಸೆಣಸುತ್ತಾರೆ. 2016ರ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದಾಗ ನನಗೆ ಮೊದಲು ನೆನಪಾದುದು ಆ ಕುದುರೆಯನ್ನು ನೆಗೆಯಲಾಗದೆ ಹೋದ ನನ್ನ ಗೆಳತಿ.

ಆದುದರಿಂದ ಹಳೆಯದೆಲ್ಲವೂ ಚಿನ್ನವೆಂದು ನಾನು ಹೇಳಲಾರೆ. ಆ ಕಟ್ಟಡದ ಬೆಲೆ ನನಗೆ ಅರ್ಥವಾದುದು ಅದರ ಬಾಗಿಲು ಎಲ್ಲರಿಗೂ ತೆರೆದಮೇಲೆ. ಅಂಗಸಾಧನೆಯ ಸಮಯದಲ್ಲಿ ಗೌಡರ ಮನೆಯ ಮಗಳೂ ಕೂಲಿಯವರ ಮನೆಯ ಮಗಳೂ ಒಂದೇ ಚಾಪೆಯ ಮೇಲೆ ಉರುಳುತ್ತಿದ್ದರು, ಒಬ್ಬಳು ನೆಗೆಯುವಾಗ ಇನ್ನೊಬ್ಬಳು ಕೈಹಿಡಿಯಲೇಬೇಕಾಗಿತ್ತು. ಪಾಠದ ಕೋಣೆಯಲ್ಲಿ ನಾನು ಎಷ್ಟು ಪದ್ಯ ಹೇಳಿಕೊಟ್ಟರೂ ಆಗದಿದ್ದ ಕೆಲಸ ಅಲ್ಲಿ ತಾನಾಗಿ ಆಗುತ್ತಿತ್ತು.

ಮುಂದೆ ಏನಾಯಿತೆಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹಳೆಯ ಪಿ.ಟಿ. ಮೇಷ್ಟ್ರು ನಿವೃತ್ತರಾದಮೇಲೆ ಆ ಹುದ್ದೆ ಬಹುಕಾಲ ಖಾಲಿ ಉಳಿಯಿತು. 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರದ ಸೈಕಲ್ ಯೋಜನೆ ಬಂದಾಗ ಬಿಡಿಭಾಗಗಳನ್ನು ಜೋಡಿಸಲು ಹಜಾರವೇ ಬೇಕಾಯಿತು. ಅಕ್ಷರ ದಾಸೋಹದ ಅಕ್ಕಿಮೂಟೆಗಳಿಗೂ ಅದೇ ಉಗ್ರಾಣವಾಯಿತು. ಎರಡೂ ಒಳ್ಳೆಯ ಯೋಜನೆಗಳೇ. ದೂರದ ಹಳ್ಳಿಯ ಹೆಣ್ಣುಮಕ್ಕಳು ಶಾಲೆ ಬಿಡದಂತೆ ಹಿಡಿದಿಟ್ಟದ್ದು ಆ ಸೈಕಲ್ಲು ಮತ್ತು ಆ ಅನ್ನ. ಆದರೆ ಜಾಗ ಕಳೆದುಕೊಂಡ ರಿಂಗು ಮತ್ತು ಬಾರುಗಳು ಒಂದು ದಿನ ಗುಜರಿಗೆ ಹೋದುವು.

ಹಳೆಯ ಕಟ್ಟಡವೊಂದು ಸಾಯುವುದು ವಯಸ್ಸಿನಿಂದಲ್ಲ. ಒಂದು ಹೆಂಚಿನಿಂದ. ಮುಂಗಾರಿಗೆ ಮುನ್ನ ಮಾಡು ಹತ್ತಿ ಹೆಂಚು ಕೈಯಾಡಿಸುವ ಪದ್ಧತಿ ಇರುವವರೆಗೆ ಏನೂ ತೊಂದರೆಯಿರಲಿಲ್ಲ. ಅದು ನಿಂತಮೇಲೆ ಒಡೆದ ಒಂದು ಹೆಂಚಿನಿಂದ ನೀರು ರೀಪರಿಗೆ ಇಳಿಯುತ್ತದೆ, ರೀಪರಿನಿಂದ ತೊಲೆಗೆ, ತೊಲೆ ಕೂತಿರುವ ಗೋಡೆಗೆ. ಒದ್ದೆ ಮರಕ್ಕೆ ಗೆದ್ದಲು ಬರುತ್ತದೆ, ಬಿರುಕಿನಲ್ಲಿ ಅರಳಿಯ ಸಸಿ ಮೊಳೆಯುತ್ತದೆ. ಆಮೇಲೆ ಯಾರೋ ಬಂದು ಗಾರೆಯ ಗೋಡೆಗೆ ಸಿಮೆಂಟು ಬಳಿಯುತ್ತಾರೆ. ಗಾರೆ ಉಸಿರಾಡುವ ವಸ್ತು. ಸಿಮೆಂಟಿನ ಹೊದಿಕೆ ತೇವವನ್ನು ಒಳಗೇ ಬಂಧಿಸುತ್ತದೆ. ನೋಡುವವರಿಗೆ ದುರಸ್ತಿಯಾದಂತೆ ಕಂಡರೂ ಗೋಡೆ ಒಳಗಿನಿಂದ ಕರಗತೊಡಗುತ್ತದೆ.

ಎರಡು ವರ್ಷಗಳ ಹಿಂದೆ ಇಂಜಿನಿಯರರು ಬಂದು ಪರೀಕ್ಷಿಸಿ, ಕಟ್ಟಡಗಳು ಬಳಕೆಗೆ ಯೋಗ್ಯವಲ್ಲವೆಂದು ಬರೆದರು. ಎಲ್ಲವನ್ನೂ ಕೆಡವಬೇಕೆಂಬ ಮಾತು ಬಂದಿತು. ಶಾಲಾಭಿವೃದ್ಧಿ ಸಮಿತಿಯವರು ಹಳೆಯ ವಿದ್ಯಾರ್ಥಿಗಳ ಸಭೆ ಕರೆದು ನನ್ನನ್ನೂ ಆಹ್ವಾನಿಸಿದರು. ಬೆಂಗಳೂರಿನಿಂದ ಬಂದಿದ್ದ ಕೆಲವರು ‘ಒಂದು ಕಲ್ಲನ್ನೂ ಮುಟ್ಟಬಾರದು’ ಎಂದು ಆವೇಶದಿಂದ ಮಾತನಾಡಿದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ಎದ್ದು ನಿಂತು, ‘ನಿಮ್ ನೆನ್ಪು ಕಾಪಾಡಕ್ಕೆ ನನ್ ಮಗ ಅದ್ರ ಕೆಳ್ಗೆ ಕೂತ್ಕಬೇಕಾ ಸಾ?’ ಎಂದು ಕೇಳಿದರು. ಸಭೆ ಮೌನವಾಯಿತು.

ಆ ತಾಯಿಯ ಮಾತೇ ಸರಿ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2022ರ ಅಕ್ಟೋಬರ್‌ನಲ್ಲಿ ಅಲ್ಲಿಯ ಮಹಾರಾಣಿ ವಿಜ್ಞಾನ ಕಾಲೇಜಿನ ನೂರು ವರ್ಷ ದಾಟಿದ ಕಟ್ಟಡದ ಒಂದು ಭಾಗ ಬಿದ್ದಿತು. ಪ್ರಾಣಹಾನಿಯಾಗದೆ ಉಳಿದುದು ನಮ್ಮ ಪುಣ್ಯ. ಮಕ್ಕಳ ತಲೆಯ ಮೇಲೆ ನಮ್ಮ ಬಾಲ್ಯವನ್ನು ತೂಗುಹಾಕುವ ಹಕ್ಕು ನಮಗಿಲ್ಲ. ಸಭೆಯಲ್ಲಿ ನಾನು ಹೇಳಿದುದು ಇಷ್ಟೆ: ತೊಲೆ ಕುಸಿದಿರುವ ಪಾಠದ ಕೋಣೆಗಳು ಹೋಗಲಿ, ಹೊಸವು ಬರಲಿ. ವ್ಯಾಯಾಮಶಾಲೆಯ ಗೋಡೆಗಳಲ್ಲಿ ಬಿರುಕಿಲ್ಲ, ಕೆಟ್ಟಿರುವುದು ಮಾಡು ಮಾತ್ರ. ಗಾರೆಯ ಕೆಲಸ ಬಲ್ಲ ಒಬ್ಬರು ಇಂಜಿನಿಯರರಿಂದ ಅದನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸೋಣ. ಅವರು ಆಗದೆಂದರೆ ನಾನೇ ಮೊದಲು ಕೆಡವಲು ಒಪ್ಪುತ್ತೇನೆ. ವಾದವಿವಾದದ ಅನಂತರ ಸಭೆ ಅದಕ್ಕೆ ಒಪ್ಪಿತು.

ಪಾಠದ ಕೋಣೆಗಳು ಕಳೆದ ವರ್ಷ ನೆಲಸಮವಾದುವು. ಹೊಸ ಇಂಜಿನಿಯರರು ವ್ಯಾಯಾಮಶಾಲೆಯನ್ನು ನೋಡಿ, ಗೋಡೆ ಗಟ್ಟಿಯಾಗಿದೆ, ಮಾಡು ಮಾತ್ರ ಪೂರ್ತಿ ಬದಲಾಗಬೇಕೆಂದು ಬರೆದುಕೊಟ್ಟಿದ್ದಾರೆ. ಅಲ್ಲಿಯವರೆಗೆ ಬಾಗಿಲಿಗೆ ಬೀಗ ಬಿದ್ದಿದೆ, ಮೇಲೆ ಟಾರ್ಪಾಲು ಹೊದಿಸಿದ್ದಾರೆ. ಅದು ಇನ್ನೊಂದು ಮುಂಗಾರನ್ನು ತಡೆಯದು.

ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಧ್ವಜ ಸತ್ಯಾಗ್ರಹದ ನೆನಪಿಗೆ ಸತ್ಯಾಗ್ರಹ ಸೌಧವಿದೆ. ಹಾಗೆ ಇತಿಹಾಸದ ಪುಸ್ತಕ ಸೇರುವಂಥ ಘಟನೆ ಯಾವುದೂ ನಮ್ಮ ಶಾಲೆಯಲ್ಲಿ ನಡೆಯಲಿಲ್ಲ. ಬೆಳಗ್ಗೆ ಗಂಟೆ ಹೊಡೆಯಿತು, ಸಂಜೆ ಗಂಟೆ ಹೊಡೆಯಿತು, ಅಷ್ಟೆ. ಅದಕ್ಕಾಗಿ ಯಾವ ಇಲಾಖೆಯೂ ಫಲಕ ಹಾಕಲಾರದು. ನಾವೇ ನೋಡಿಕೊಳ್ಳಬೇಕು.

ಆದುದರಿಂದ ನಿಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಹಳೆಯ ಭಾವಚಿತ್ರಗಳಿದ್ದರೆ ಕಳುಹಿಸಿ. ಹಿಂದೆ ಮಾಡು ಹೇಗಿತ್ತೆಂಬುದು ಬಡಗಿಗೆ ತಿಳಿಯಬೇಕು. ಕೆಡವಿದ ಕೋಣೆಗಳಿಂದ ಆರಿಸಿಟ್ಟಿರುವ ಗಟ್ಟಿ ಹೆಂಚುಗಳು ಹಿತ್ತಲಿನಲ್ಲಿವೆ. ಒಂದು ಭಾನುವಾರ ಹತ್ತು ಜನ ಬಂದರೆ ತೊಳೆದು ಜೋಡಿಸಬಹುದು. ಮರದ ಖರ್ಚಿನ ಲೆಕ್ಕವನ್ನು ಸಮಿತಿಯವರು ಎಲ್ಲರ ಮುಂದಿಡುತ್ತಾರೆ. ಕೊಡುವವರು ಅವರಿಗೇ ಕೊಡಿ, ನನ್ನ ಕೈಗೆ ಬೇಡ. ಮೇ ತಿಂಗಳ ಕೊನೆಯೊಳಗೆ ಹೆಂಚು ಏರಬೇಕು. ವೇಳಾಪಟ್ಟಿಯಲ್ಲಿ ಹುಡುಗಿಯರ ಎರಡು ದಿನ ಮೊದಲಿನಂತೆಯೇ ಇರುತ್ತದೆಂದು ಈಗಿನ ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದಾರೆ. ನನ್ನ ಗೆಳತಿಗೂ ಹೇಳಿಕಳುಹಿಸಿದ್ದೇನೆ. ಅವಳಿಗೀಗ ನಾಲ್ವರು ಮೊಮ್ಮಕ್ಕಳು. ಅವರಲ್ಲಿ ಇಬ್ಬರು ಅದೇ ಶಾಲೆಯಲ್ಲಿ ಓದುತ್ತಿದ್ದಾರೆ.