ನೆಲದಡಿಯಲ್ಲೂ ಮೆಜೆಸ್ಟಿಕ್ಕೇ!

ನಮ್ಮ ಬಾಳೆಲೆಗೆ ರೈಲಿಲ್ಲ. ಇಡೀ ಕೊಡಗು ಜಿಲ್ಲೆಗೇ ಇಲ್ಲ! ಹಾಗಾಗಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ನಮ್ಮೂರ ಹುಡುಗರಿಗೆ ಅಲ್ಲಿನ ಮೆಟ್ರೋ ನಿಲ್ದಾಣವೇ ಒಂದು ವಿಸ್ಮಯ.

ನೆಲದಡಿಯಲ್ಲಿ ಎರಡು ಮಾರ್ಗ, ಒಂದರ ಕೆಳಗೊಂದು. ಮೇಲೆ ಪೂರ್ವ-ಪಶ್ಚಿಮದ ನೇರಳೆ, ಕೆಳಗೆ ಉತ್ತರ-ದಕ್ಷಿಣದ ಹಸಿರು. ನೇರಳೆ ಬಂದದ್ದು 2016ರಲ್ಲಿ, ಹಸಿರು ಕೂಡಿಕೊಂಡದ್ದು 2017ರ ಜೂನ್‌ನಲ್ಲಿ. ಬೋರ್ಡಿನಲ್ಲಿ ನಾಡಪ್ರಭು ಕೆಂಪೇಗೌಡರ ಹೆಸರು. ಜನರ ಬಾಯಲ್ಲಿ ಮಾತ್ರ ಮೆಜೆಸ್ಟಿಕ್. ಅದು ಒಂದು ಟಾಕೀಸಿನ ಹೆಸರು ಕಣ್ರೀ! ಟಾಕೀಸು ಹೋಯಿತು, ಹೆಸರು ಉಳಿಯಿತು.

ಹಿಂದೆ ಇಲ್ಲಿ ಬಸ್ಸು ಬದಲಿಸುವವರಿಗೆ ಕಾಯುವ ಹೊತ್ತಿತ್ತು. ಕಣ್ಣೆತ್ತಿದರೆ ಕಟೌಟು, ಕಾಲು ತಾನಾಗೇ ಮ್ಯಾಟಿನಿಗೆ! ಈಗ ಎಸ್ಕಲೇಟರ್ ಇಳಿದರೆ ಇನ್ನೊಂದು ರೈಲು ಸಿದ್ಧ. ಬಿಸಿಲೂ ಕಾಣದು, ಪೋಸ್ಟರೂ ಕಾಣದು. ಗಾಂಧಿನಗರದ ಮಗ್ಗುಲಲ್ಲೇ ಹಾದುಹೋಗುವ ಸಾವಿರಾರು ಜನ ಮೇಲೆ ಬರುವುದೇ ಇಲ್ಲ. ಮೇಲೆ ಬಂದರೆ ಸಾಗರ್ ಇಲ್ಲ, ಹಳೇ ಕಪಾಲಿಯೂ ಇಲ್ಲ.

ಗೆಳೆಯರೇ, ಮುಂದಿನ ಸಲ ಲೈನು ಬದಲಿಸುವಾಗ ಒಂದು ಷೋ ಹೊತ್ತಿಗಾದರೂ ಮೇಲೆ ಬನ್ನಿ. ಇಲ್ಲದಿದ್ದರೆ ಉಳಿದಿರುವ ಥಿಯೇಟರುಗಳೂ ಮೆಜೆಸ್ಟಿಕ್‌ನಂತೆ ಬರೀ ಹೆಸರಾಗಿಬಿಟ್ಟಾವು!