ಅಥಣಿಯ ಕೈ, ಕೊಲ್ಲಾಪುರದ ಹೆಸರು

ಬೆಳಗಾವಿ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಉತ್ತರದ ಅಂಚಿನ ಮೇಲೆ ಬೆರಳಾಡಿಸಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಸಾಲಾಗಿ ಸಿಗುತ್ತವೆ. ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಕೃಷ್ಣಾ ನದಿ. ಕಾಗವಾಡದಿಂದ ಮಿರಜ್ ಇಲ್ಲೇ ಪಕ್ಕದಲ್ಲಿ, ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿ.ಮೀ. ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಮುಗಿಯುತ್ತದೆ, ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ.

ಈ ಊರುಗಳಿಗೆ ಪ್ರವಾಸ ಅಂತ ಹೋಗುವವರು ಕಡಿಮೆ. ಅಥಣಿಯ ಗಚ್ಚಿನಮಠಕ್ಕೆ ಭಕ್ತರು ಬರುತ್ತಾರೆ, ನಿಪ್ಪಾಣಿ ಅಂದರೆ ತಂಬಾಕು ನೆನಪಾಗುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಮಂದಿಯ ಮನೆಬಾಗಿಲಲ್ಲಿ ಈ ಊರುಗಳ ಒಂದು ಗುರುತು ಬಿದ್ದಿರುತ್ತದೆ: ಕೊಲ್ಲಾಪುರಿ ಚಪ್ಪಲಿ. ಹೆಸರು ಕೊಲ್ಲಾಪುರದ್ದು, ನಿಜ. ಅದನ್ನು ಕೊಯ್ದು, ಹೆಣೆದು, ಹೊಲಿದ ಕೈ ಮಾತ್ರ ಬಹಳ ಸಲ ಅಥಣಿ ಕಡೆಯದು.

ಮೊಳೆ ಇಲ್ಲದ ಜೋಡು

ಅಥಣಿಯ ಸಮಗಾರ ಓಣಿಗೆ ಹೋದರೆ ಮೊದಲು ಎದುರಾಗುವುದು ವಾಸನೆ. ಹದ ಮಾಡಿದ ತೊಗಲು, ತೊಗಟೆಯ ಒಗರು ಎರಡೂ ಕೂಡಿದ ವಾಸನೆ. ಎಮ್ಮೆಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಆಮೇಲೆ ಜಾಲಿ ತೊಗಟೆ ಮತ್ತು ಅಳಲೆಕಾಯಿ ಹಾಕಿದ ನೀರು. ತೊಗಲನ್ನೇ ಚೀಲದ ಹಾಗೆ ಹೊಲಿದು, ಅದರೊಳಗೆ ಈ ನೀರು ತುಂಬಿ ತೂಗುಹಾಕುವುದು ಇಲ್ಲಿಯ ಹಳೆಯ ಪದ್ಧತಿ. ಒಗರು ಒಳಗಿಂದ ಹೊರಕ್ಕೆ ನಿಧಾನವಾಗಿ ಇಳಿಯುತ್ತದೆ. ಅವಸರ ಮಾಡಿದರೆ ತೊಗಲು ಹಸಿಯಾಗಿಯೇ ಉಳಿಯುತ್ತದೆ. ಆ ಕಂದು ಬಣ್ಣ ಬರುವುದು ಈ ತೊಗಟೆ, ಕಾಯಿಗಳಿಂದಲೇ.

ಇನ್ನು ಚಪ್ಪಲಿಯ ಕಟ್ಟಡ. ಕೆಳಗೆ ದಪ್ಪ ಅಟ್ಟೆ, ಹಿಮ್ಮಡಿಗೆ ಇನ್ನೊಂದು ಪದರ. ಎರಡೂ ಬದಿಗೆ ಕಿವಿಯಂಥ ಎರಡು ತುಂಡು, ಅವುಗಳಿಗೆ ಸೇರುವ ಅಡ್ಡಪಟ್ಟಿ, ಹೆಬ್ಬೆರಳಿಗೆ ಉಂಗುರ. ಇಡೀ ಜೋಡಿನಲ್ಲಿ ಒಂದು ಮೊಳೆ ಇರುವುದಿಲ್ಲ. ಹೊಲಿಗೆಯೂ ತೊಗಲಿನ ಎಳೆಯದೇ. ಹಾಗಾಗಿ ಹೊಸ ಜೋಡು ಮೊದಲ ವಾರ ಕಚ್ಚುತ್ತದೆ, ಆಮೇಲೆ ನಿಮ್ಮ ಕಾಲಿನ ಅಚ್ಚು ಹಿಡಿದು ನಿಮ್ಮದೇ ಆಗುತ್ತದೆ.

ಕೆಲಸದಲ್ಲಿ ಪಾಲು ಹಂಚಿಕೆಯಾಗಿದೆ. ರಂಪಿಗೆ ಹಿಡಿದು ಅಟ್ಟೆ ಕೊಯ್ಯುವುದು ಹೆಚ್ಚಾಗಿ ಗಂಡಸರು. ಎಳೆ ಸೀಳುವುದು, ಜಡೆ ಹೆಣೆಯುವುದು, ತೂತು ಕೊರೆಯುವುದು, ಕುಸುರಿ ಹಾಕುವುದು ಹೆಣ್ಣುಮಕ್ಕಳು. ಪಟ್ಟಿಯ ಮೇಲೆ ಕಾಣುವ ಆ ಸಣ್ಣ ಜಡೆಯೇ ಕೊಲ್ಲಾಪುರಿಯ ಚೆಲುವು.

"ಅಕ್ಕಾರ, ದಿನಕ್ಕ ಎಷ್ಟು ಜೋಡಿ ಆಗತಾವ್ರಿ?" ಅಂತ ಕಟ್ಟೆಯ ಮೇಲೆ ಜಡೆ ಹೆಣೆಯುತ್ತ ಕುಳಿತವರೊಬ್ಬರನ್ನು ಕೇಳಿದೆ.

"ಮನಿ ಕೆಲಸ ಮುಗಿಸಿ ಕುಂತ್ರ ಎಷ್ಟ ಆಗತಾವೋ ಅಷ್ಟ ರೀ. ಲೆಕ್ಕಾ ಹಿಡದವರು ಯಾರು?" ಅಂದರು, ಕೈ ನಿಲ್ಲಿಸದೆ.

ಆ ಮಾತು ತಮಾಷೆಯ ಹಾಗಿದ್ದರೂ ತಮಾಷೆ ಅಲ್ಲ. ಲೆಕ್ಕಕ್ಕೆ ಸಿಗದ ಕೆಲಸಕ್ಕೆ ಕೂಲಿಯೂ ಸರಿಯಾಗಿ ಸಿಗುವುದಿಲ್ಲ.

ಹೆಸರಿನ ಬೆಲೆ

ಅದೇ ಓಣಿಯಲ್ಲಿ ಕಾಲೇಜಿಗೆ ಹೊರಟ ಹುಡುಗನ ಕಾಲಲ್ಲಿ ಕೆಂಪು-ಕಪ್ಪು ಬಣ್ಣದ, ಹರಡು ಮುಚ್ಚುವ ಬೂಟು. ಜೋರ್ಡನ್ ಬೂಟಿನ ಅಗ್ಗದ ನಕಲು. ಮೈಕೆಲ್ ಜೋರ್ಡನ್ ಆಡಿದ್ದನ್ನು ಆತ ನೋಡಿರಲಿಕ್ಕಿಲ್ಲ. ಆದರೂ ಆ ಹೆಸರು ಅಥಣಿಯವರೆಗೆ ಬಂದಿದೆ.

ಆ ಬೂಟಿನ ಕತೆ ಸ್ವಲ್ಪ ಕೇಳಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಚಕ್ ಟೇಲರ್ ಹೆಸರನ್ನು ಕಾನ್ವರ್ಸ್ ಕಂಪನಿ 1930ರ ದಶಕದಲ್ಲಿ ತನ್ನ ಕ್ಯಾನ್ವಾಸ್ ಬೂಟಿನ ಮೇಲೆ ಹಾಕಿತು. ಕೋಟಿಗಟ್ಟಲೆ ಜೋಡಿ ಮಾರಾಟವಾದವು, ಆದರೆ ಜೋಡಿಗಿಷ್ಟು ಅಂತ ಟೇಲರ್‌ಗೆ ಪಾಲು ಇರಲಿಲ್ಲ, ಸಂಬಳವಷ್ಟೆ. 1984ರಲ್ಲಿ ನೈಕಿ ಕಂಪನಿ ಜೋರ್ಡನ್ ಜತೆ ಒಪ್ಪಂದ ಮಾಡಿಕೊಂಡಾಗ ಮಾತು ಬದಲಾಯಿತು. ಪೀಟರ್ ಮೂರ್ ವಿನ್ಯಾಸ ಮಾಡಿದ ಏರ್ ಜೋರ್ಡನ್ 1985ರಲ್ಲಿ ಅಂಗಡಿಗೆ ಬಂತು. ಅದರ ಬೆಲೆ 65 ಡಾಲರ್. ಮಗನ ಹೆಸರಿನ ಪ್ರತಿ ಜೋಡಿಯಲ್ಲೂ ಮಗನಿಗೆ ಪಾಲಿರಬೇಕು ಅಂತ ತಾಯಿ ಡೆಲೊರಿಸ್ ಪಟ್ಟು ಹಿಡಿದಿದ್ದರು ಎನ್ನುತ್ತಾರೆ. ಹೆಸರಿನ ಜತೆ ಪಾಲೂ ಬಂತು. ಅಂದಿನಿಂದ ಆಟಗಾರನ ಹೆಸರಿನ ಬೂಟು ಅನ್ನುವುದೇ ಒಂದು ದೊಡ್ಡ ವ್ಯಾಪಾರವಾಯಿತು.

ನಮ್ಮ ಚಪ್ಪಲಿಗೂ ಹೆಸರುಗಳಿವೆ. ಕಾಪಶಿ ಅನ್ನುವ ನಮೂನೆಗೆ ಕೊಲ್ಲಾಪುರ ಜಿಲ್ಲೆಯ ಊರಿನ ಹೆಸರು. ಹೀಗೆ ಊರಿನ ಹೆಸರೇ ಇಲ್ಲಿಯ ಸಹಿ. ಛತ್ರಪತಿ ಶಾಹೂ ಮಹಾರಾಜರ ಆಳ್ವಿಕೆಯಲ್ಲಿ ಈ ಕಸುಬಿಗೆ ಪ್ರೋತ್ಸಾಹ ಸಿಕ್ಕಿತು, ಕೊಲ್ಲಾಪುರ ದೊಡ್ಡ ಪೇಟೆಯಾಯಿತು. ಮಾಲು ಅಲ್ಲಿಗೆ ಹೋಗಿ, ಅಲ್ಲಿಯ ಹೆಸರಿನಲ್ಲಿ ಊರೂರಿಗೆ ಹರಡಿತು. ಅಥಣಿ, ನಿಪ್ಪಾಣಿ, ರಾಯಬಾಗಗಳ ಹೆಸರು ಅಟ್ಟೆಯ ಕೆಳಗೇ ಉಳಿದುಬಿಟ್ಟಿತು.

2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದು ಎರಡೂ ರಾಜ್ಯಗಳಿಗೆ ಜಂಟಿಯಾಗಿ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿಯ ವಿಷಯಕ್ಕೆ ಆಗಾಗ ಮುನಿಸಿಕೊಳ್ಳುವ ಎರಡು ರಾಜ್ಯಗಳು ಚಪ್ಪಲಿಯ ವಿಷಯದಲ್ಲಾದರೂ ಒಂದಾದವು. ನಮ್ಮ ಕಡೆಯಿಂದ ಹಕ್ಕುದಾರರು ಲಿಡ್ಕರ್, ಅಂದರೆ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ.

ಮಿಲಾನ್‌ನಿಂದ ಬಂದ ಸುದ್ದಿ

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಪ್ರದರ್ಶನ ನಡೆಯಿತು. ಗಂಡಸು ಮಾಡೆಲ್‌ಗಳ ಕಾಲಲ್ಲಿ ಥೇಟ್ ನಮ್ಮ ಚಪ್ಪಲಿ! ಅದೇ ಹೆಬ್ಬೆರಳ ಉಂಗುರ, ಅದೇ ಜಡೆ. ಭಾರತದ ಹೆಸರು ಮಾತ್ರ ಎಲ್ಲೂ ಇಲ್ಲ. ಇಲ್ಲಿ ಗದ್ದಲವಾಯಿತು. ಭಾರತದ ಕರಕುಶಲ ಪಾದರಕ್ಷೆಯಿಂದಲೇ ಪ್ರೇರಣೆ ಪಡೆದದ್ದು ಅಂತ ಕಂಪನಿ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳ ಜತೆ ಒಪ್ಪಂದವಾಯಿತು: ಎರಡೂ ರಾಜ್ಯಗಳಲ್ಲಿ 2,000 ಜೋಡಿ ತಯಾರಿಸುವುದು, ಜೋಡಿಗೆ ಸುಮಾರು 800 ಯೂರೊ, ಕುಶಲಕರ್ಮಿಗಳಿಗೆ ತರಬೇತಿ. 800 ಯೂರೊ ಅಂದರೆ 80 ಸಾವಿರ ರೂಪಾಯಿಗೂ ಮೇಲೆ. ಇಲ್ಲಿಯ ಪೇಟೆಯಲ್ಲಿ ಒಳ್ಳೆಯ ಜೋಡು ಸಾವಿರ, ಎರಡು ಸಾವಿರಕ್ಕೆ ಸಿಗುತ್ತದೆ.

ಸಂತೋಷದ ಸುದ್ದಿಯೇ. ಆದರೆ ಜೋರ್ಡನ್ ಕತೆ ನೆನಪಿಡಿ. ಹೆಸರು ಬರುವುದು ಒಂದು, ಪಾಲು ಬರುವುದು ಇನ್ನೊಂದು. ಚಕ್ ಟೇಲರ್‌ಗೆ ಮೊದಲನೆಯದು ಸಿಕ್ಕಿತ್ತು, ಎರಡನೆಯದು ಸಿಗಲಿಲ್ಲ. ಕಟ್ಟೆಯ ಮೇಲೆ ಜಡೆ ಹೆಣೆಯುವ ಅಕ್ಕನಿಗೆ ಇಲ್ಲಿಯವರೆಗೆ ಎರಡೂ ಇಲ್ಲ.

ಪಾಲು ಸಿಗಲಾರದ್ದೇನಲ್ಲ ಅನ್ನುವುದಕ್ಕೆ ಅಥಣಿಯಲ್ಲೇ ಉದಾಹರಣೆ ಇದೆ. 1990ರ ದಶಕದ ಕೊನೆಯ ಹೊತ್ತಿಗೆ ಇಲ್ಲಿ ಟೋಹೋಲ್ಡ್ ಅನ್ನುವ ಕುಶಲಕರ್ಮಿಗಳ ಒಕ್ಕೂಟ ಹುಟ್ಟಿತು. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳೇ ಅದರ ಬುನಾದಿ. ಹೊಸ ನಮೂನೆ ಕಲಿತರು, ಅಳತೆ ಕಟ್ಟುನಿಟ್ಟು ಮಾಡಿದರು, ವಿದೇಶಕ್ಕೂ ಮಾಲು ಕಳಿಸಿದರು. ಹೆಣೆದವರ ಕೈಗೇ ದುಡ್ಡು ಬಂದಾಗ ಮನೆಯ ಲೆಕ್ಕವೇ ಬದಲಾಗುತ್ತದೆ.

ಕಸುಬಿನ ಮಾನ

ಈ ಭಾಗದ ಸಮಗಾರರಿಗೆ ಕಲ್ಯಾಣದ ಹರಳಯ್ಯನ ಕತೆ ಮನೆಮಾತು. ತಾನು ಹೇಳಿದ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನೆಂದು, ಆ ಹೆಚ್ಚಿನ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಕೊಟ್ಟರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಜಗತ್ತಿನಲ್ಲಿ ಯಾವ ಜೋಡಿಗೂ ಇದಕ್ಕಿಂತ ದೊಡ್ಡ ಸಹಿ ಬೇಕೆ? ಆದರೂ ತೊಗಲಿನ ಕೆಲಸದವರನ್ನು ಊರು ದೂರವೇ ಇಟ್ಟಿತು. ಜೋಡು ಬೇಕು, ಮಾಡಿದವರು ಬೇಡ. ಮಕ್ಕಳು ಈ ಕಸುಬು ಬೇಡ ಅನ್ನುವುದಕ್ಕೆ ಕಡಿಮೆ ಕೂಲಿ ಒಂದೇ ಕಾರಣ ಅಲ್ಲ, ಇದೂ ಹೌದು. ಪಾಲಿನ ಜತೆ ಮಾನವೂ ಬರಬೇಕು.

ಕೊಳ್ಳುವವರಿಗೆ ಒಂದೆರಡು ಮಾತು

ಆ ಕಡೆ ಹೋದರೆ ರೈಲಿನಲ್ಲಿ ರಾಯಬಾಗ ಅಥವಾ ಕುಡಚಿಯಲ್ಲಿ ಇಳಿದು ಬಸ್ಸು ಹಿಡಿಯಬಹುದು. ಮಾಡುವವರ ಹತ್ತಿರವೇ ಕೊಳ್ಳಿ. ಅಟ್ಟೆ ಮಗುಚಿ ನೋಡಿ, ತೊಗಲಿನ ಹೊಲಿಗೆ ಕಾಣಬೇಕು. ರೆಕ್ಸಿನ್ ಆದರೆ ವಾಸನೆಯೇ ಹೇಳುತ್ತದೆ. ಮನೆಗೆ ತಂದ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ರಾತ್ರಿ ಇಟ್ಟರೆ ಕಚ್ಚುವುದು ಕಡಿಮೆ. ಮಳೆಗಾಲದಲ್ಲಿ ಹಾಕಬೇಡಿ. ನೆನೆದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಇಡಬೇಡಿ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಳ್ಳುವುದಾದರೂ ಅಂಗಡಿಯವರನ್ನು ಒಂದು ಮಾತು ಕೇಳಿ: "ಇದು ಯಾವ ಊರಿನವರು ಮಾಡಿದ್ದು?" ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವರೇ ಆ ಹೆಸರು ಬರೆದಿಡುತ್ತಾರೆ.