ಹುಳುಮನೆಯ ಗೋಡೆ

ಒಡೆದ ಹೆಂಚನ್ನು ಬದಲಾಯಿಸಿ ಸೋರಿಕೆಯನ್ನು ನಿಲ್ಲಿಸಿದ ಮಾತ್ರಕ್ಕೆ ಮನೆ ಒಣಗಿತೆಂದು ನಂಬುವುದು ಗೃಹಸ್ಥರಲ್ಲಿ ಸರ್ವಸಾಮಾನ್ಯವಾದ ಭ್ರಾಂತಿ. ಮಳೆಗಾಲವೆಲ್ಲ ನೀರುಂಡ ಮಣ್ಣಿನ ಗೋಡೆ ಉಂಡದ್ದನ್ನು ಅರಗಿಸಿಕೊಳ್ಳಲು ತಿಂಗಳುಗಟ್ಟಲೆ ಅವಕಾಶವನ್ನು ಬೇಡುತ್ತದೆ.

ಚನ್ನಪಟ್ಟಣದ ಸಮೀಪದ ನಮ್ಮ ಹಳೆಯ ಮನೆಯ ಒಳಕೋಣೆ ನನ್ನ ತಾತನವರ ಕಾಲದಲ್ಲಿ ರೇಷ್ಮೆಯ ಹುಳುಮನೆಯಾಗಿತ್ತು. ಹಿಪ್ಪುನೇರಳೆ ಸೊಪ್ಪಿನ ಹಸಿವಾಸನೆಯೂ, ನಾಲ್ಕನೆಯ ಜ್ವರವೆದ್ದ, ಎಂದರೆ ನಾಲ್ಕನೆಯ ಸಲ ಪೊರೆ ಕಳಚಿದ ಹುಳುಗಳು ತಟ್ಟೆಗಳಲ್ಲಿ ಎಡೆಬಿಡದೆ ಮೇಯುವ ಸದ್ದೂ ತುಂಬಿರುತ್ತಿದ್ದ ಆ ಕೋಣೆಗೆ, ಹುಳುಗಳು ಗೂಡು ಕಟ್ಟುವ ಚಂದ್ರಂಕಿಯಿಂದ ಬಿಡಿಸಿದ ಗೂಡು ರಾಮನಗರದ ಮಾರುಕಟ್ಟೆಗೆ ಹೊರಟೊಡನೆ, ತಾತನವರು ತಪ್ಪದೆ ಸುಣ್ಣ ಬಳಿಸುತ್ತಿದ್ದರು. ಅಲಂಕಾರ ಅವರ ಉದ್ದೇಶವಾಗಿರಲಿಲ್ಲ. ಶೀತ ಹಿಡಿದ ಕೋಣೆಯಲ್ಲಿ ಸುಣ್ಣಕಟ್ಟು ರೋಗ ಹಬ್ಬಿ, ಹುಳುಗಳು ಸೆಟೆದು ಬಿಳುಪೇರಿ ಸಾಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅದು ಒಂದು ಶಿಲೀಂಧ್ರದ ಕೃತ್ಯವೆಂದು ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ, ಪಾಶ್ಚರನಿಗೂ ಮುಂಚೆಯೇ, ಪ್ರಕಟಪಡಿಸಿದ್ದನು. ಮುಂದೆ ಮೈಸೂರು ಸರ್ಕಾರ ರೇಷ್ಮೆ ಕೃಷಿಯ ಸುಧಾರಣೆಗಾಗಿ ಚನ್ನಪಟ್ಟಣಕ್ಕೆ ಕರೆಸಿಕೊಂಡ ತಜ್ಞರೂ ಇಟಲಿಯವರೇ. ಜ್ವರಕ್ಕೆ ಕೂತ ಹುಳುಗಳ ತಟ್ಟೆಗೆ ಸುಣ್ಣದ ಪುಡಿಯನ್ನು ಉದುರಿಸಿ ತೇವವನ್ನು ಹೀರಿಸುವ ಪದ್ಧತಿ ಈ ಸೀಮೆಯಲ್ಲಿ ಇಂದಿಗೂ ಉಳಿದಿದೆ.

ಹುಳು ಸಾಕುವುದು ನಿಂತ ಬಳಿಕ ಆ ಗೋಡೆಗೆ ಸಿಮೆಂಟು ಗಿಲಾವು, ಅದರ ಮೇಲೆ ಎಣ್ಣೆಬಣ್ಣ ಬಂದವು. ಆಶ್ವಯುಜದ ಮಳೆಗೆ ಹೆಂಚೊಂದು ಜಾರಿ ನೀರು ಒಳಗಿಳಿದಾಗ ಬಣ್ಣ ಬೊಕ್ಕೆಬೊಕ್ಕೆಯಾಗಿ ಎದ್ದಿತು. ವೃದ್ಧ ಗಾರೆಯವರೊಬ್ಬರು ಬಂದು, ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, "ಮೇಷ್ಟ್ರೇ, ನೀರು ಆಚೆಗ್ ಬರೋಕೆ ದಾರೀನೇ ಇಲ್ಲ, ಮೊದ್ಲು ಇದನ್ನ ಕೆತ್ತಾಕ್ಬೇಕು" ಎಂದರು. ಕೆತ್ತಿದ್ದಾಯಿತು. ಕಿಟಕಿಗಳೆಲ್ಲ ತೆರೆದವು. ಕೆಂಡದ ಒಲೆಯಿಟ್ಟು ಬೇಗ ಒಣಗಿಸೋಣವೆಂಬ ಮನೆಯವರ ಸಲಹೆಯನ್ನು, ಮೇಲ್ಮೈ ಬಿರಿದು ಒಳಗು ಹಸಿಯಾಗಿಯೇ ಉಳಿದೀತೆಂದು ಗಾರೆಯವರು ತಳ್ಳಿಹಾಕಿದರು. ಒಣಗುತ್ತ ಬಂದ ಗೋಡೆಯ ಮೇಲೆ ಅರಳಿದ ಬಿಳಿಯ ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆಯತಕ್ಕದ್ದು. ನೀರಿನಿಂದ ತೊಳೆದರೆ ಅದು ಕರಗಿ ಪುನಃ ಒಳಸೇರುತ್ತದೆ. ನಡುನಡುವೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಚೆಲ್ಲ ಮುಚ್ಚುವಂತೆ ಅಂಟಿಸಿ ನೋಡುತ್ತಿದ್ದೆವು. ಬೆಳಗಾಗುವಷ್ಟರಲ್ಲಿ ಅದರ ಹಿಂಬದಿಯಲ್ಲಿ ಹನಿ ಕಟ್ಟಿರುತ್ತಿತ್ತು. ಪುಷ್ಯ ಕಳೆದ ಮೇಲೆ ಒಂದು ಮುಂಜಾನೆ ಹಾಳೆ ಒಣಗಿದ್ದಿತು.

ಅನಂತರ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸಿ ಹದಗೊಳಿಸಿದ ಸುಣ್ಣದ ಗಾರೆ. ಗೂಡಿನಲ್ಲಿ ಬೆಂದು ತನ್ನ ಅನಿಲವನ್ನು ಕಳೆದುಕೊಂಡ ಸುಣ್ಣಕಲ್ಲು, ನೀರಿನಲ್ಲಿ ಅರಳಿ, ಗೋಡೆಯನ್ನೇರಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ಮರಳಿ ಪಡೆದು ಕಲ್ಲಾಗುತ್ತದೆ. ಆದರೂ ಒಳಗಿನ ಆವಿ ಹೊರಬೀಳಲು ಸೂಕ್ಷ್ಮರಂಧ್ರಗಳನ್ನು ಉಳಿಸಿಕೊಂಡಿರುತ್ತದೆ. ಸಿಮೆಂಟಿಗೆ ಈ ಔದಾರ್ಯ ಸಾಲದು. ಕೊನೆಯಲ್ಲಿ ಚಿಟಿಕೆ ನೀಲಿ ಬೆರೆಸಿದ ಸುಣ್ಣವನ್ನೂ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿಯನ್ನೂ ಬಳಿಸಿದೆವು.

ಎಣ್ಣೆಬಣ್ಣದ ಹೊಳಪನ್ನು ಬಯಸುವವರು ಅದನ್ನು ಬಾಗಿಲು ಕಿಟಕಿಗಳಿಗೆ ಧಾರಾಳವಾಗಿ ಬಳಿಸಲಿ. ಮಣ್ಣಿನ ಗೋಡೆಗೆ ಸುಣ್ಣವೇ ಸಾಕು, ಅದೂ ಮಾಘದ ಬಿಸಿಲು ಕಂಡ ಮೇಲೆ.